ಕಂಪ್ಯೂಟರಿನ ನೀರು, ಗಂಗವ್ವನ ಕುಣಿ

ಈ ವರ್ಷ ನಮ್ಮ ಮನೆ ಎರಡು ಸಲ ಮುಳುಗಿತು. ಅಂಗಳಕ್ಕೆ ಒಂದು ಹನಿ ನೀರೂ ಬರದೆ!

ಮುಳುಗಿಸಿದ್ದು ಹೊಳೆಯಲ್ಲ, ಕಂಪ್ಯೂಟರು. ಹೊಸ ಅಣೆಕಟ್ಟಿನ ಹಿನ್ನೀರು ನಿಂತ ಮೇಲೆ ಹೊಳೆಗೆ ಮಹಾಪೂರ ಬಂದರೆ ಬಾಗಲಕೋಟೆಯ ಯಾವ ಓಣಿಗೆ ಎಷ್ಟು ನೀರು ನುಗ್ಗುತ್ತದೆ? ಇದನ್ನು ಲೆಕ್ಕ ಹಾಕಲು ಪಾಟೀಲ ಎಂಬ ತರುಣ ಎಂಜಿನಿಯರ್ ಬಂದಿದ್ದಾನೆ. ನೀರು ಮುಟ್ಟುವಲ್ಲಿಗೆ ಅವನು ಎಳೆಯುವ ಗೆರೆಯೊಳಗೆ ಒಂದು ಮನೆ ಸಿಕ್ಕರೂ ಆ ಸಾಲಿನವರೆಲ್ಲ ಊರು ಬಿಟ್ಟು, ಮುಳುಗಡೆಯವರಿಗೆಂದು ಕಟ್ಟುತ್ತಿರುವ ನವನಗರಕ್ಕೆ. ಹೊರಗುಳಿದವರು ಇದ್ದಲ್ಲೇ.

ಅವನ ಲೆಕ್ಕವೇ ಬೇರೆ. ನೀರೆಂದರೆ ನೀರಲ್ಲವಂತೆ, ಸಾವಿರಾರು ಚುಕ್ಕಿಗಳಂತೆ. ನಮ್ಮಲ್ಲಿ ಚಹಾ ಕುಡಿಯುತ್ತ, ನನ್ನ ಹೆಂಡತಿ ಹಸನು ಮಾಡುತ್ತಿದ್ದ ಜೋಳದ ಮೊರವನ್ನೇ ಓರೆ ಮಾಡಿ ತೋರಿಸಿದ. "ಒಂದ ಕಾಳು ಬಾಜೂದ ಕಾಳನ್ನ ನೂಕತೈತಿ ನೋಡ್ರಿ ಮಾಸ್ತರ್ರ. ನಮ್ಮ ಪ್ರೋಗ್ರಾಮಿನ್ಯಾಗೂ ನೀರು ಹಿಂಗ ಹರೀತೈತಿ." (ಕಾಳು ಚೆಲ್ಲಿದ್ದಕ್ಕೆ ಹೆಂಡತಿ ಇನ್ನೂ ಗೊಣಗುತ್ತಿದ್ದಾಳೆ.)

ಮೊದಲ ಪ್ರೋಗ್ರಾಮಿನಲ್ಲಿ ಚುಕ್ಕಿಗಳು ಗೋಡೆಯನ್ನೇ ತೂರಿ ನಮ್ಮ ಅಡುಗೆಮನೆಗೆ ಬಂದವು. ಗೋಡೆ ಅಡ್ಡ ಇದೆಯೆಂದು ಅವಕ್ಕೆ ಹೇಳುವುದನ್ನೇ ಮರೆತಿದ್ದನಂತೆ! ತಿದ್ದಿದ. ಎರಡನೆಯದರಲ್ಲಿ ಗೋಡೆಗೆ ಹೆದರಿದ ಚುಕ್ಕಿಗಳು ಒಂದರ ಮೇಲೊಂದು ಏರಿ ಮಾಳಿಗೆಯ ಮೇಲೆ ಕೂತವು. ಮತ್ತೆ ತಿದ್ದಿದ. ಪ್ರತಿ ಸಲವೂ ದೂರದ ಊರಿನ ಕಂಪ್ಯೂಟರಿನವರೆಗೆ ಹೋಗಿಬರಬೇಕು, ಹದಿನೈದು ದಿನ.

ಆ ಹದಿನೈದು ದಿನ ನಾನೇನು ಮಾಡಲಿ? ಸೋರುವ ಮಾಳಿಗೆಗೆ ಮಣ್ಣು ಹಾಕಿಸಲೋ ಬೇಡವೋ? ದಾಸವಾಳ ನೆಡಲೋ ಬೇಡವೋ? ಕೂತಲ್ಲಿ ಕೂರಲಾಗದೆ, ಗಣಿತದ ಪಾಠದ ನಡುವೆಯೂ ಪಾಟೀಲನ ಬಸ್ಸು ಬಂತೇ ಎಂದು ಕಿಟಕಿಯಾಚೆ ನೋಡುತ್ತಿದ್ದೆ.

ಹೋದ ವಾರ ಮೂರನೆಯದು ಬಂತು. "ಈ ಸಲ ನಿಮ್ಮ ಸಾಲು ಪಾರಾತ್ರಿ! ನೀರು ಹೊಸ್ತಿಲದಿಂದ ನಾಕ ಬೆರಳು ಕೆಳಗ ನಿಂತೈತಿ." ಅವನು ಬಿಚ್ಚಿ ತೋರಿಸಿದ, ಅಂಚಿಗೆಲ್ಲ ತೂತಿರುವ ಕಂಪ್ಯೂಟರಿನ ಉದ್ದ ಕಾಗದಕ್ಕೆ ಮುತ್ತಿಡುವುದೊಂದು ಬಾಕಿ. ಮನೆ ಉಳಿಯಿತು! ಗೋಡೆಗೆ ಹೊಡೆಯಲು ಸುಣ್ಣ ತರೋಣವೆಂದು ಚೀಲ ಹಿಡಿದು ಹೊರಟೇಬಿಟ್ಟೆ.

ಬಾಗಿಲಲ್ಲಿ ಪಕ್ಕದ ಮನೆಯ ಗಂಗವ್ವ ನಿಂತಿದ್ದಳು. ಇಳಕಲ್ ಸೀರೆ ನೇಯುವವಳು, ಮಾತು ಕಡಿಮೆ. "ಯಪ್ಪಾ, ಒಂದೀಟ ನಮ್ಮ ಮನಿಗೆ ಬಾ," ಎಂದು ಪಾಟೀಲನನ್ನು ಕರೆದಳು. ನಾನೂ ಹಿಂದೆ ಹೋದೆ.

ಅವಳದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯಬೇಕು. ಗಂಗವ್ವ ಕೂತು ತೋರಿಸಿದಳು.

"ನಿನ್ನ ಚುಕ್ಕಿ ಹೊಸ್ತಿಲದ ಕೆಳಗ ನಿಂತಾವು, ಖರೆ. ನನ್ನ ಕಾಲು ಎಲ್ಲಿ ಅದಾವು ನೋಡು. ಹೊಳಿ ತುಂಬಿದ್ರ ನೆಲದಾಗಿಂದ ನೀರು ಜಿನಗಿ ಕುಣಿ ತುಂಬತೈತಿ. ನೀರಾಗ ಕುಂತು ಸೀರಿ ನೇಯಲೇನು?"

ಪಾಟೀಲ ಕುಣಿಯನ್ನೇ ನೋಡುತ್ತ ನಿಂತ. "ಮನಿ ಅಂದ್ರ ಹೊಸ್ತಿಲದಿಂದ ಮ್ಯಾಲೆ ಅಂತ ಹಿಡಕೊಂಡಿದ್ನಿರಿ ನಾ." (ನಾನೂ ಹಾಗೇ ಹಿಡಿದುಕೊಂಡಿದ್ದೆ. ಇಪ್ಪತ್ತು ವರ್ಷದಿಂದ ಆ ಮಗ್ಗದ ಸದ್ದಿಗೇ ಎದ್ದು ಗಣಿತ ಕಲಿಸಲು ಹೋಗುವವನು!)

ಅವನು ಟೇಪು ತೆಗೆದು ಒಂದು ತುದಿಯನ್ನು ನನ್ನ ಕೈಗೆ ಕೊಟ್ಟ. "ಕುಣಿ ಸೇರಿಸಿದ್ರ ಇಡೀ ಸಾಲು ಗೆರಿಯೊಳಗ ಹೋಗತೈತ್ರಿ ಮಾಸ್ತರ್ರ. ನಿಮ್ಮ ಮನೀನೂ."

ಗಂಗವ್ವ ನನ್ನ ಮುಖ ನೋಡಿದಳು. ಬೇಡಿಕೊಂಡಿದ್ದರೆ ಸಿಟ್ಟಾದರೂ ಮಾಡಬಹುದಿತ್ತು! ಸುಣ್ಣಕ್ಕೆಂದು ಹಿಡಿದ ಖಾಲಿ ಚೀಲ ಇನ್ನೂ ಕಂಕುಳಲ್ಲೇ ಇತ್ತು.

ಕುಣಿಗೆ ಇಳಿದೆ. ಟೇಪಿನ ತುದಿಯನ್ನು ತಳಕ್ಕೆ ಒತ್ತಿ ಹಿಡಿದೆ. ಆಳ ಕಡಿಮೆ ಕಾಣಲೆಂದು ಒಂದಿಂಚೂ ಎತ್ತಲಿಲ್ಲ.

ಕುಣಿ ಸೇರಿಸಿದ ನಾಲ್ಕನೆಯ ಲೆಕ್ಕ ಬರಲು ಇನ್ನೂ ಹತ್ತು ದಿನವಿದೆ. ಸುಣ್ಣ ಎಲ್ಲಿ ಎಂದು ಹೆಂಡತಿ ದಿನಾ ಕೇಳುತ್ತಾಳೆ. ತನ್ನ ಮನೆಯನ್ನು ತಾನೇ ಅಳೆದು ಮುಳುಗಿಸಿ ಬಂದವನು ಏನೆಂದು ಉತ್ತರ ಕೊಡಲಿ?