ಚಿಗವ್ವ ಆಡದ ಮಾತು

ಕಳೆದ ವರ್ಷ ಗಣಪತಿ ಹಬ್ಬದಲ್ಲಿ ಪುಣೆಯ ಹಡಪಸರದ ನಮ್ಮ ಮಂಡಳದವರು ನನಗೆ ಮಿಮಿಕ್ರಿ ಮಾಡಲು ಅವಕಾಶ ಕೊಟ್ಟಿದ್ದರು. ಅಧ್ಯಕ್ಷರ ಕೆಮ್ಮು, ಬಸ್ ಕಂಡಕ್ಟರನ ಕೂಗು, ಹುಡುಗಿಯರ ಮುಂದೆ ಕೀರಲಾಗುವ ನನ್ನದೇ ದನಿ, ಎಲ್ಲ ಮಾಡಿದೆ. ವೇದಿಕೆ ಇಳಿಯುತ್ತಿದ್ದಂತೆ ಬೆಂಗಳೂರಿನ ಕಿರಣ್ ಎಂಬವರು ಕೈ ಕುಲುಕಿದರು. ಅವರು ಪುಣೆಯದೇ ಶಿವಾಜಿನಗರದ ಒಂದು ಪ್ರಚಾರ ಕಂಪನಿಯಲ್ಲಿದ್ದರು.

ಹಬ್ಬ ಮುಗಿದ ಮೇಲೆ ಕಚೇರಿಗೆ ಕರೆಸಿದರು. ಜೀನ್ ತಿದ್ದಿ ಬೆಳೆಸುವ ಹೊಸ ಅಕ್ಕಿಯ ಬಗ್ಗೆ ಎಲ್ಲೆಡೆ ಚರ್ಚೆ ನಡೆದಿತ್ತು. ಅಂಥ ಅಕ್ಕಿಯ ಚೀಲದ ಮೇಲೆ ಹಾಗೆಂದು ಬರೆಯಬೇಕೋ ಬೇಡವೋ ಎಂಬುದರ ಕುರಿತು, ಆ ಅಕ್ಕಿ ಮಾರಲು ಹೊರಟವರಿಗಾಗಿ ‘ಜನರ ಮಾತು’ ಎಂಬ ಕನ್ನಡ ಆಡಿಯೋ ಮಾಡಬೇಕಂತೆ. ರೈತ, ಡ್ರೈವರ್, ಕಾಲೇಜು ಹುಡುಗ, ಅಡುಗೆ ಮಾಡುವ ಹೆಂಗಸು ಎಲ್ಲರೂ ‘ಬೇಡ’ ಎನ್ನಬೇಕು.

“ಜನ ಎಲ್ಲಿದ್ದಾರೆ ಸರ್?” ಎಂದೆ.

“ನೀವೇ ಬಾಸ್! ವಾಯ್ಸ್ ಮಾಡ್ತೀರಲ್ಲ. ಸ್ಯಾಂಪಲ್ ಓಕೆ ಆದ್ರೆ ಪರ್ಮನೆಂಟ್ ಆಗಿ ತಗೋತೀವಿ.”

ನನಗೆ ಅನುಮಾನ ಬಂತು. ಅಷ್ಟು ಒಳ್ಳೆಯ ಅಕ್ಕಿಯಾದರೆ ಅದರ ಪರವಾಗಿ ಮಾತಾಡಲು ನಿಜವಾದ ಒಬ್ಬ ಮನುಷ್ಯನೂ ಸಿಗಲಿಲ್ಲವೇ? ಆದರೆ ‘ಪರ್ಮನೆಂಟ್’ ಎಂಬ ಮಾತು ಕಿವಿಗೆ ಹಿತವಾಗಿತ್ತು. ಡಿಗ್ರಿ ಮುಗಿಸಿ, ಅವ್ವನ ತಂಗಿ ಚಿಗವ್ವನ ಖಾನಾವಳಿಯಲ್ಲಿ ತಾಟು ಎತ್ತುತ್ತಿದ್ದ ಕಲಾವಿದ ನಾನು.

ರೆಕಾರ್ಡ್ ಮಾಡಲು ಕೂತರೆ, ಅಡುಗೆಯ ಹೆಂಗಸಿನ ದನಿ ತಾನಾಗಿಯೇ ಚಿಗವ್ವನದ್ದಾಯಿತು. ಧಾರವಾಡದ ಅದೇ ಎಳೆತ, ನಡುವೆ ಅದೇ ನಿಟ್ಟುಸಿರು. ಮರುದಿನ ಊಟದ ಹೊತ್ತಿಗೆ ಹೆಮ್ಮೆಯಿಂದ ಫೋನ್ ಜೋರು ಮಾಡಿ ಅವಳಿಗೆ ಕೇಳಿಸಿದೆ.

“ಜೀನ್ ತಿದ್ದಿದ ಅಕ್ಕಿ ಅಂತ ಚೀಲದ ಮ್ಯಾಲೆ ಬರಿಯೂದು ಯಾಕ್ರಿ? ಕೊಟ್ಟದ್ದು ಉಂಡ್ರಾತು!”

ಚಿಗವ್ವ ನಗುವ ಮೊದಲೇ, ಊಟಕ್ಕೆ ಕೂತಿದ್ದ ಒಬ್ಬರು ಕಲಸಿದ ಅನ್ನ ಬಿಟ್ಟು ಕೈ ಹಿಂದೆಗೆದರು. “ಅಕ್ಕಾರ, ಇದೂ ಅದ ಅಕ್ಕಿ ಏನ್ರಿ?”

ಅವಳ ಮುಖ ಕೆಂಪಾಯಿತು. ಹೊಸ ಅಕ್ಕಿ ಬಂದರೆ ಮೊದಲು ಒಂದು ಹಿಡಿ ಬೇಯಿಸಿ ತಾನುಂಡು, ಆಮೇಲೆ ಗಿರಾಕಿಗಳಿಗೆ ಬಡಿಸುವವಳು ಅವಳು. “ಇಲ್ರಿ ಸಾಹೇಬ್ರ, ಯಾವಾಗ್ಲೂ ತರೂ ಅಕ್ಕೀನ ಅದ” ಎಂದು ಒಳಗಿನಿಂದ ಚೀಲವನ್ನೇ ಎಳೆದು ತಂದು ತೋರಿಸಿದಳು. ಅವರು ನೋಡಿದರು, ಆದರೂ ಅನ್ನ ಮುಟ್ಟದೆ ಎದ್ದು ಹೋದರು.

“ನಾ ಯಾವಾಗ ಹಂಗಂದೆನೋ ಮಂಗ್ಯಾ?” ಎಂದಳು.

“ಆ ಅಕ್ಕಿ ಛಲೋ ಅದ ಅಂತಾರ, ಚಿಗವ್ವಾ.”

“ಇರಬಹುದು. ಅದು ಎಂಥಾ ಅಕ್ಕಿ ಅಂತ ಅವರು ಹೇಳಿ ಕೊಡ್ಲಿ, ನಾನೂ ಉಂಡು ನೋಡ್ತೀನಿ. ಹೇಳದ ಕೊಟ್ರ, ಉಣ್ಣಾವ್ರು ಕೇಳಿದಾಗ ನಾ ಏನ್ ಹೇಳ್ಲಿ?”

ಆ ಸ್ಯಾಂಪಲ್ ಅಳಿಸಿ, ನನ್ನ ಸ್ವಂತ ದನಿಯಲ್ಲಿ ಕಿರಣ್ ಅವರಿಗೆ ಕಳಿಸಿದೆ: “ನನಗೆ ಇದರ ಬಗ್ಗೆ ಗೊತ್ತಿಲ್ಲ. ಚೀಲದ ಮೇಲೆ ಬರೀರಿ, ಓದಿ ಹೇಳ್ತೀನಿ.”

ಅವರು ಫೋನ್ ಮಾಡಿದರು. “ಬಾಸ್, ಈ ವಾಯ್ಸ್ ಯಾಕೋ ನ್ಯಾಚುರಲ್ ಅನ್ನಿಸ್ತಿಲ್ಲ. ಜನ ಹೀಗೆ ಮಾತಾಡಲ್ಲ.”

ಕೆಲಸ ಹೋಯಿತು. ಕೆಲ ದಿನಗಳಲ್ಲೇ, ಆ ಅಕ್ಕಿಯನ್ನು ವಿರೋಧಿಸುವವರೆಂದು ಹೇಳಿಕೊಂಡು ಇನ್ನೊಬ್ಬರು ಫೋನ್ ಮಾಡಿ, ಅಜ್ಜಿಯ ದನಿಯಲ್ಲಿ ಅಳಲು ಬರುತ್ತದೆಯೇ ಎಂದು ಕೇಳಿದರು! ಅವರಿಗೂ ಕೈಮುಗಿದೆ.

ಆ ಅಕ್ಕಿ ಒಳ್ಳೆಯದೋ ಕೆಟ್ಟದ್ದೋ ನನಗೆ ಇಂದಿಗೂ ತಿಳಿಯದು. ಆದರೆ ಫೋನಿನಲ್ಲಿ ‘ಜನ ಏನಂತಾರೆ’ ಎಂದು ಏನಾದರೂ ಬಂದರೆ, ಮಾತಿಗಿಂತ ಮೊದಲು ಉಸಿರು ಕೇಳುತ್ತೇನೆ. ರೈತನೂ ಡ್ರೈವರನೂ ಒಂದೇ ಕಡೆ ಉಸಿರೆಳೆದರೆ, ಇಬ್ಬರೂ ಒಬ್ಬನೇ ಎಂದು ತಿಳಿದು ಅಲ್ಲಿಗೇ ಬಂದ್ ಮಾಡುತ್ತೇನೆ.

ಚಿಗವ್ವ ನನಗಿಂತ ಹುಷಾರಿ. ಈಗ ನಾನು ಹೊರಗಿನಿಂದ ಕರೆದರೆ ಒಳಗಿನಿಂದ ಓಗೊಡುವುದಿಲ್ಲ. ಬಾಗಿಲಿಗೆ ಬಂದು, ನನ್ನ ಮುಖ ನೋಡಿದ ಮೇಲೆಯೇ “ಏನೋ?” ಎನ್ನುತ್ತಾಳೆ.