ಹದದ ವಾಸನೆ

ಭತ್ತದ ಹೊಟ್ಟು ಸುಡುವ ವಾಸನೆ ಎಲ್ಲಿ ಬಂದರೂ ನನ್ನ ಕೈ ತಾನಾಗಿ ಮೂಗಿಗೆ ಹೋಗುತ್ತದೆ. ಕೊಟ್ಟೂರಿನಲ್ಲಿ ನಮ್ಮ ಮನೆ ಮಂಡಕ್ಕಿ ಭಟ್ಟಿಗಳ ಹಿಂದಿನ ಓಣಿಯಲ್ಲಿತ್ತು. ಒಲೆಗೆ ಹೊಟ್ಟು ಸುರಿದಾಗಲೆಲ್ಲ ಬೂದಿ ಎದ್ದು, ಗಾಳಿ ತಿರುಗಿದ ಕಡೆ ತೇಲಿ, ಒಣಹಾಕಿದ ಸೀರೆಗಳ ಮೇಲೆ, ಎಮ್ಮೆಯ ಬೆನ್ನ ಮೇಲೆ, ನನ್ನ ತೆರೆದ ನೋಟುಬುಕ್ಕಿನ ಮೇಲೆ ಸದ್ದಿಲ್ಲದೆ ಇಳಿಯುತ್ತಿತ್ತು. ಬೆರಳು ತಾಗಿದರೆ ಕಪ್ಪು ಗೆರೆಯಾಗುತ್ತಿತ್ತು. ನಿಮ್ಮ ಬಾಲ್ಯದ ಮನೆಗೂ ಒಂದು ವಾಸನೆ ಇದ್ದೀತು. ಮನೆ ಹೋದ ಮೇಲೂ ಅದು ಹೋಗುವುದಿಲ್ಲ.

ಅಪ್ಪನ ಅಕ್ಕ, ನನ್ನ ಅತ್ತೆ, ಅಲ್ಲಿನ ಒಂದು ಭಟ್ಟಿಯಲ್ಲಿ ಅಕ್ಕಿ ಹುರಿಯುತ್ತಿದ್ದಳು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ. ನನಗೆ ಸಣ್ಣಂದಿನಿಂದ ಉಬ್ಬಸ. ಅದಕ್ಕೇ ನಮ್ಮ ಮನೆಯಲ್ಲಿ ಬೂದಿಯ ವಿರುದ್ಧ ಕಟ್ಟಳೆಗಳಿದ್ದವು. ಕುಡಿಯುವ ನೀರಿನ ಕೊಡಗಳಿಗೆ ಒದ್ದೆ ಬಟ್ಟೆಯ ಮುಸುಕು. ನೀರು ಚಿಮುಕಿಸದೆ ಕಸಬರಿಗೆ ಮುಟ್ಟುವಂತಿಲ್ಲ. ಭಟ್ಟಿಯಿಂದ ಬಂದವಳು ಹಿತ್ತಲಲ್ಲಿ ಸೀರೆ ಬದಲಿಸಿ, ಮೈ ತೊಳೆದುಕೊಂಡ ಮೇಲೆಯೇ ನನ್ನನ್ನು ಹತ್ತಿರ ಕರೆಯುತ್ತಿದ್ದಳು. ನಾನು ಹೊಸ್ತಿಲು ದಾಟುವ ಮೊದಲು ತನ್ನ ಹಳೆಯ ಸೀರೆಯ ತುಂಡನ್ನು ಎರಡು ಮಡಿಕೆ ಮಾಡಿ, ತೋಯಿಸಿ ಹಿಂಡಿ, ಮೂಗು ಬಾಯಿಗೆ ಬಿಗಿಯಾಗಿ ಕಟ್ಟುತ್ತಿದ್ದಳು.

ಮಧ್ಯಾಹ್ನ ಅವಳಿಗೆ ಬುತ್ತಿ ಒಯ್ಯುವುದು ನನ್ನ ಕೆಲಸ. ಅಕ್ಕಿ ಜರಡಿ ಹಿಡಿಯುತ್ತಿದ್ದ ಹುಲಿಗೆಮ್ಮ ನನ್ನನ್ನು ಕಂಡರೆ ಬಿಡುತ್ತಿರಲಿಲ್ಲ. “ಬಂದ್ಲು ನೋಡ್ರಿ ಮದುವಿ ಹೆಣ್ಣು, ಮಕ ಮುಚ್ಚಿಗೊಂಡು!”

“ಮುಚ್ಚಿಗೊಳ್ಳಲಿ ಬಿಡು. ಅಕಿ ಓದಾಕಿ ಅದಾಳ. ನಿನ್ನಂಗ ಕೆಮ್ಮಿಕೋತ ಪಾಠ ಒಪ್ಪಿಸಬೇಕೇನು?” ಎನ್ನುತ್ತಿದ್ದಳು ಅತ್ತೆ.

ಆದರೆ ಅವಳ ಮೂಗಿನ ಮೇಲೆ ಬಟ್ಟೆ ಇರಲಿಲ್ಲ. ಕಾದ ಮರಳಿನಲ್ಲಿ ಅಕ್ಕಿ ಅರಳುವ ಗಳಿಗೆಯನ್ನು ಅವಳು ವಾಸನೆಯಿಂದ ಹಿಡಿಯುತ್ತಿದ್ದಳು. ಆ ಹೊಗೆಯಲ್ಲಿ ಕಣ್ಣು ನಂಬುವಂತಿರಲಿಲ್ಲ. ಒಮ್ಮೆ ನನ್ನ ಹಟಕ್ಕೆ ಸೋತು ಬಟ್ಟೆ ಕಟ್ಟಿಕೊಂಡಳು. ಆ ಬಾಣಲೆಯ ಅಕ್ಕಿಯೆಲ್ಲ ಸೀದುಹೋಯಿತು. “ಮೂಗು ಮುಚ್ಚಿದ್ರ ಹದ ಹೆಂಗ ಗೊತ್ತಾಗಬೇಕಲೇ?” ಎಂದು ಬಿಚ್ಚಿ ನನ್ನ ಕೈಗೆ ಕೊಟ್ಟಳು. ಸಂಜೆ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿದ್ದಳು, ಎದೆಗಿಳಿದ ಬೂದಿ ಅದರಿಂದ ಕರಗುತ್ತದೆಂದು. ಭಟ್ಟಿಯವರೆಲ್ಲ ಹಾಗೆಯೇ ನಂಬಿದ್ದರು. ಕರಗುವುದಿಲ್ಲವೆಂದು ನಾನು ಕಾಲೇಜಿನಲ್ಲಿ ಓದಿ ತಿಳಿಯುವ ಹೊತ್ತಿಗೆ ಅವಳಿಗೆ ನಾಲ್ಕು ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ.

ಕೊನೆಯ ದಿನಗಳಲ್ಲಿ ಆಸ್ಪತ್ರೆಯವರು ಅವಳ ಮೂಗು ಬಾಯಿಗೆ ಆಕ್ಸಿಜನ್ ಮಾಸ್ಕ್ ಕಟ್ಟಿದ್ದರು. ಅವಳು ಕೇಳಿದಳೆಂದು ಭಟ್ಟಿಯಿಂದ ಬಿಸಿ ಮಂಡಕ್ಕಿ ತಂದಿದ್ದೆ. ಮಾಸ್ಕ್ ಸರಿಸಿ ಬೊಗಸೆಯಲ್ಲಿ ಹಿಡಿದೆ. ಎರಡು ಸಲ ಉಸಿರೆಳೆಯಲು ನೋಡಿದಳು.

“ಏನೂ ಬರವಲ್ದು. ನೀ ನೋಡು. ಹದ ಆಗೈತೇನು?”

ಮೂಸಿದೆ. ನನಗೆ ಬಂದದ್ದು ಹೊಗೆ ಮಾತ್ರ.

“ಆಗೈತಿ ಅತ್ತಿ,” ಎಂದೆ. ನಂಬಿದಳು. ಮಾಸ್ಕನ್ನು ಮತ್ತೆ ಅವಳ ಮೂಗಿಗೆ ಸರಿಮಾಡಿದೆ.

ಹದದ ವಾಸನೆ ಹೇಗಿರುತ್ತದೆಂದು ನನಗೆ ಇಂದಿಗೂ ಗೊತ್ತಿಲ್ಲ. ಅದರ ಪಕ್ಕದಲ್ಲೇ ಬೆಳೆದ ಅಷ್ಟೂ ವರ್ಷ ನನ್ನ ಮೂಗಿನ ಮೇಲೆ ಅವಳ ಒದ್ದೆ ಸೀರೆಯಿತ್ತು.