ನಲ್ಲಿಯ ಪಕ್ಕದ ಮರ

ರಸ್ತೆಯಾಚೆ ಗರಗಸದ ಮೋಟಾರು ಎರಡು ಸಲ ಕೆಮ್ಮಿ ಗುರ್ರೆಂದಾಗ, ಗುಂಡಿಯಕ್ಕ ಸೂಜಿಯನ್ನು ಅಂಗಿಯ ಕಾಲರಿಗೆ ಚುಚ್ಚಿಟ್ಟು ಎದ್ದಳು.

ಬೀದಿಯವರ ಕಿತ್ತ ಗುಂಡಿ, ಹರಿದ ಜೇಬುಗಳನ್ನು ಹೊಲಿದೇ ಅವಳು ತಮ್ಮನನ್ನು ಸಾಕಿದ್ದು. ಹೆಸರೂ ಹಾಗೇ ಅಂಟಿಕೊಂಡಿತು. ತಮ್ಮ ಯುದ್ಧಕ್ಕೆ ಹೋದ. ದೇಹವೂ ಬರಲಿಲ್ಲ. ಅಲ್ಲಿ ಸತ್ತ ಹನ್ನೊಂದು ಮಂದಿಯ ನೆನಪಿಗೆ ರಸ್ತೆಯಾಚೆ ಸಾಲಾಗಿ ಹನ್ನೊಂದು ಗಿಡ ನೆಟ್ಟು, ಒಂದೊಂದಕ್ಕೂ ಹೆಸರಿನ ತಗಡು ಕಟ್ಟಿದರು. ನಲ್ಲಿಯ ಪಕ್ಕದ ಮೊದಲನೆಯದು ತಮ್ಮನದು. ಹದಿನೆಂಟು ವರ್ಷದಿಂದ ಅವಳು ದಿನಾ ಸಂಜೆ ಅದರ ಬುಡಕ್ಕೆ ಒಂದು ಕೊಡ ನೀರು ಸುರಿದು, ಅಂದಿನ ಸುದ್ದಿಯನ್ನೆಲ್ಲ ಅದಕ್ಕೇ ಒಪ್ಪಿಸಿ ಬರುತ್ತಿದ್ದಳು. ಮನೆಯಲ್ಲಿ ಹೂಂಗುಟ್ಟಲು ಗೋಡೆ ಬಿಟ್ಟರೆ ಬೇರೆ ಯಾರಿದ್ದರು?

ಹೋದ ವಾರ ಅವಳು ಜ್ವರದಿಂದ ಮಲಗಿದ್ದಾಗ, ಸಾಲಿನ ಎರಡೂ ತುದಿಯ ತಗಡುಗಳಿಗೆ ತುಕ್ಕು ಹಿಡಿದಿದೆಯೆಂದು ಪೇಂಟರ್ ಬಿಚ್ಚಿ, ಬಣ್ಣ ಬಳಿದು, ಅದಲುಬದಲು ಕಟ್ಟಿಹೋಗಿದ್ದ. ತಮ್ಮನ ಹೆಸರು ಈಗ ಒಣಗಿ ನಿಂತ ಹನ್ನೊಂದನೆಯ ಮರದ ಮೇಲಿತ್ತು; ಅದರ ಹೆಸರು ನಲ್ಲಿಯ ಪಕ್ಕದ ಮರಕ್ಕೆ ಬಂದಿತ್ತು.

"ಅಕ್ಕಾ, ಇಲ್ಲೊಂದು ಸೈನ್ ಹಾಕ್ಬಿಡಿ," ರಸ್ತೆ ದಾಟಿ ಬಂದವಳ ಮುಂದೆ ಮಾಲಿ ಕಾಗದ ಚಾಚಿದ. "ಒಣಗಿದ ಮರ ಕಡಿಯೋಕೆ ಮನೆಯವರ ಒಪ್ಪಿಗೆ ಬೇಕಂತೆ."

"ಕಣ್ಣೇನು ಜೇಬಲ್ಲಿಟ್ಕೊಂಡು ಬಂದಿದೀಯಾ? ನನ್ನ ತಮ್ಮಂದು ನಲ್ಲಿ ಹತ್ರ ಇರೋದು!"

ಮಾಲಿ ತಲೆ ಕೆರೆದುಕೊಂಡ. "ಹೌದಲ್ವಾ! ಆ ಪೇಂಟರ್ ಮಹಾಶಯ... ಇರಿ, ಬದಲಾಯಿಸ್ತೀನಿ. ಹಂಗಾದ್ರೆ ಒಣಗಿರೋದು ಅಲ್ಲಿ ನಿಂತಿರೋ ಅಮ್ಮನ ಮಗಂದು, ಅವರ ಹತ್ರ ಸೈನ್ ತಗೋಬೇಕು. ಪಾಪ, ಮಗನ ಮರ ನೋಡೋಕೆ ಇವತ್ತೇ ಮೊದಲು ಬಂದಿರೋದು. ಎರಡು ಬಸ್ಸು ಹತ್ತಿ ಇಳಿದು."

ನಲ್ಲಿಯ ಬಳಿ ಮುದುಕಿಯೊಬ್ಬಳು ಮರಕ್ಕೆ ಕೆನ್ನೆಯೊತ್ತಿ ನಿಂತಿದ್ದಳು. ಇದ್ದದ್ದನ್ನು ಇದ್ದಂತೆ ಹೇಳಿಬಿಡೋಣವೆಂದು ಗುಂಡಿಯಕ್ಕ ದಡದಡ ಹೋದಳು.

"ನೋಡಮ್ಮ, ನನ್ನ ಮಗ," ಮುದುಕಿಯೇ ಮೊದಲು ಮಾತಾಡಿದಳು. "ಹೋಗುವಾಗ ಕಡ್ಡಿ ಹಂಗಿದ್ದ. ಈಗ ತಬ್ಬಿದ್ರೆ ತೋಳು ಸಾಲಲ್ಲ! ಯಾರು ನೀರು ಹಾಕಿದ್ರೋ, ಅವರ ಹೊಟ್ಟೆ ತಣ್ಣಗಿರಲಿ."

ಗುಂಡಿಯಕ್ಕ ತೊಗಟೆಯ ಮೇಲಿನ ಇರುವೆಯೊಂದನ್ನು ಕೊಡವುವವಳಂತೆ ಒಮ್ಮೆ ಕೈಯಾಡಿಸಿದಳು. ವಾಪಸು ಬಂದು ಮಾಲಿಯ ಕೈಯಿಂದ ಪೆನ್ನು ಕಿತ್ತುಕೊಂಡು ಸಹಿ ಹಾಕಿದಳು.

"ಅಕ್ಕಾ, ನಿಮ್ದಲ್ಲ ಅಂತ ಈಗಷ್ಟೇ ಅಂದ್ರಲ್ಲ..."

"ಪೇಂಟರ್ ಸರಿಯಾಗೇ ಕಟ್ಟಿದಾನೆ. ನಾನೇ ಕನ್ನಡಕ ಹಾಕಿರ್ಲಿಲ್ಲ."

"ಹದಿನೆಂಟು ವರ್ಷದಿಂದ್ಲೂ?"

"ಬಾಯಿ ಮುಚ್ಕೊಂಡು ಕೆಲಸ ನೋಡು. ಆ ಅಮ್ಮ ಮತ್ತೆ ಕೇಳಿದ್ರೆ, ನೀರು ಹಾಕಿದ್ದು ಯಾರು ಅಂತ, ನೀನೇ ಅಂತ ಹೇಳ್ಬಿಡು," ಎನ್ನುತ್ತಲೇ ಅವಳು ರಸ್ತೆ ದಾಟಿದ್ದಳು.